ಏಳನೇ ಪತ್ರ

ಇದು ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದ ನಿವೃತ್ತ ಕರ್ನಲ್ ಒಬ್ಬರ ಕಥೆ. ಗುರುತು ಸಿಗಬಾರದು ಅಂತ ಊರು, ಮನೆ, ಪಲ್ಟನ್‌ನ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. "ನನ್ನ ಹಾಗಿರುವ ಇನ್ನೊಬ್ಬನಿಗೆ ಉಪಯೋಗ ಆದರೆ ಆಗಲಿ" ಅಂದರು.

ಕರ್ನಲ್ ಸರ್ ಮೊದಲು ಬಂದದ್ದು ಕಳೆದ ವರ್ಷ ಆಗಸ್ಟ್‌ನಲ್ಲಿ. ಮಂಗಳೂರಿನಲ್ಲಿ ಜಡಿಮಳೆ. ಒಳಗೆ ಬಂದವರು ಕುರ್ಚಿ ಎಳೆದು, ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೆ ಕೂತರು. "ನನಗೆ ಎಂತದೂ ಆಗಲಿಲ್ಲ. ಇವಳ ಸಮಾಧಾನಕ್ಕೆ ಬಂದೆ."

ಅವರ ಹೆಂಡತಿ ಹೇಳಿದ್ದು ಬೇರೆ. ಪ್ರತಿ ವರ್ಷ ಮೇ ತಿಂಗಳಿಂದಲೇ ಇವರ ನಿದ್ದೆ ಹೋಗುತ್ತದೆ. ರಾತ್ರಿ 2 ಗಂಟೆಗೆ ಎದ್ದು ಗೇಟಿನ ಬೀಗ ಮುಟ್ಟಿ ನೋಡುತ್ತಾರೆ. ಜಾತ್ರೆಯಲ್ಲಿ ಗರ್ನಾಲು ಸಿಡಿದರೆ ಊಟ ಬಿಟ್ಟು ಕಾರಿನಲ್ಲಿ ಹೋಗಿ ಕೂರುತ್ತಾರೆ. ಮಿಲಿಟರಿ ಕ್ಯಾಂಟೀನ್‌ನ ರಮ್ ಮೊದಲು ಎರಡು ಪೆಗ್ ಇತ್ತು, ಈಗ ಐದು. ಕಳೆದ ಜುಲೈ 26ಕ್ಕೆ, ಕಾರ್ಗಿಲ್ ವಿಜಯ ದಿವಸಕ್ಕೆ, ಒಂದು ಶಾಲೆಗೆ ಮುಖ್ಯ ಅತಿಥಿಯಾಗಿ ಹೋಗಿದ್ದರು. ಭಾಷಣ ಮುಗಿದ ಮೇಲೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು, "ಸರ್, ನಿಮ್ಮ ಜೊತೆ ಹೋದವರೆಲ್ಲ ವಾಪಸ್ ಬಂದ್ರಾ?" ಅಂತ ಕೇಳಿದಳು. ಇವರು ಮೈಕ್ ಕೆಳಗಿಟ್ಟು ವೇದಿಕೆ ಇಳಿದು ಬಂದುಬಿಟ್ಟರು.

ಅವರದು 33 ವರ್ಷದ ಸೇವೆ. ಖಡಕ್ವಾಸ್ಲಾ, ಡೆಹ್ರಾಡೂನ್‌ಗಳಲ್ಲಿ ಸೇನಾ ತರಬೇತಿ ಮುಗಿಸಿ 1988ರಲ್ಲಿ ಪದಾತಿದಳಕ್ಕೆ ಸೇರಿದರು. ಹೋದ ಕೂಡಲೇ ಶ್ರೀಲಂಕಾ, ಆಮೇಲೆ ಕಾಶ್ಮೀರ. 1999ರ ಬೇಸಿಗೆಯಲ್ಲಿ, ಕಾರ್ಗಿಲ್ ಯುದ್ಧದಲ್ಲಿ, ಮೇಜರ್ ಆಗಿ ದ್ರಾಸ್ ಕಡೆ ಒಂದು ಕಂಪನಿಯ ಹೊಣೆ. ನೂರಕ್ಕೂ ಹೆಚ್ಚು ಹುಡುಗರು.

ಅಲ್ಲಿನ ಯುದ್ಧ ಹೇಗಿತ್ತು ಅಂತ ಅವರು ನಿಧಾನವಾಗಿ ಹೇಳಿದರು. ಶತ್ರು ಮೇಲೆ ಶಿಖರದಲ್ಲಿ, ಇವರು ಕೆಳಗೆ. ಹಗಲು ತಲೆ ಎತ್ತಿದರೆ ಕಾಣುತ್ತದೆ, ಹಾಗಾಗಿ ಹತ್ತುವುದು ರಾತ್ರಿಯೇ. 16,000 ಅಡಿ ಎತ್ತರದಲ್ಲಿ ಹತ್ತು ಹೆಜ್ಜೆ ಇಟ್ಟರೆ ನಿಂತು ಉಸಿರು ತಗೊಳ್ಳಬೇಕು. ಅಡಗಲು ಒಂದು ಮರ ಇಲ್ಲ. ಜೇಬಿನಲ್ಲಿ ತಣ್ಣಗಾದ ಪೂರಿ.

ಆ ಯುದ್ಧದಲ್ಲಿ ನಾವು ಕಳೆದುಕೊಂಡದ್ದು 527 ಯೋಧರನ್ನು. ಇವರ ಕಂಪನಿಯಿಂದ 7. ದೇಹಗಳು ಊರಿಗೆ ಹೋದವು, ಸಾವಿರಾರು ಜನ ಸೇರಿ ಮೆರವಣಿಗೆ ಮಾಡಿದರು. ಇವರು ಆಗ ಇನ್ನೂ ಗುಡ್ಡದ ಮೇಲೆ. ಒಬ್ಬರ ಮಣ್ಣಿಗೂ ಹೋಗಲಾಗಲಿಲ್ಲ.

ಮೂರನೇ ಭೇಟಿಗೆ ಒಂದು ಫೈಲ್ ತಂದರು. ಒಳಗೆ ನೀಲಿ ಇನ್‌ಲ್ಯಾಂಡ್ ಪತ್ರ, ಮಡಿಕೆ ಹರಿದು ಹೋಗಿತ್ತು. ಹಿಂದಿಯಲ್ಲಿ ಒಂದೇ ಸಾಲು, "ಪೂಜ್ಯ ಪಿತಾಜಿ". ಆರು ಮನೆಗೆ ಪತ್ರ ಬರೆದಿದ್ದರು. ಏಳನೆಯದು ಆಗಲಿಲ್ಲ. ಯಾಕೆಂದರೆ ಆ ಹುಡುಗನನ್ನು ಎಡಗಡೆ ನಾಲಾದಿಂದ, ಅಂದರೆ ಗುಡ್ಡದ ಕೊರಕಲಿನಿಂದ, ಮುಂದೆ ಕಳಿಸಿದ್ದು ಇವರೇ. "ಗುಡ್ಡ ಹತ್ತುವುದರಲ್ಲಿ ಅವನಿಗಿಂತ ಜೋರು ಯಾರೂ ಇರಲಿಲ್ಲ, ಅದಕ್ಕೇ ಅವನನ್ನು ಆರಿಸಿದೆ."

ನಿಮ್ಮ ತಪ್ಪಲ್ಲ ಅಂತ ನಾನು ಹೇಳಲಿಲ್ಲ. 25 ವರ್ಷ ಎಲ್ಲರೂ ಅದನ್ನೇ ಹೇಳಿದ್ದಾರೆ, ಒಂದು ರಾತ್ರಿಯ ನಿದ್ದೆಯೂ ಅದರಿಂದ ಬಂದಿಲ್ಲ. ಒಂದು ಹಾಳೆ ಕೊಟ್ಟು ನಡುವೆ ಗೆರೆ ಎಳೆದೆ. ಎಡಕ್ಕೆ, ಆ ರಾತ್ರಿ 2 ಗಂಟೆಗೆ ನಿಮಗೆ ಗೊತ್ತಿದ್ದದ್ದು. ಬಲಕ್ಕೆ, ಬೆಳಗಾದ ಮೇಲೆ ಗೊತ್ತಾದದ್ದು. ಎಡಗಡೆಯ ಮೊದಲ ಸಾಲಾಗಿ "ನಾಲಾದ ಮೇಲೆ ಮೆಷಿನ್ ಗನ್ ಇತ್ತು" ಅಂತ ಬರೆದರು. ನೋಡುತ್ತಾ ಕೂತರು. ಐದು ನಿಮಿಷ ಆಗಿರಬೇಕು. ಆಮೇಲೆ ಅದನ್ನು ಹೊಡೆದು ಹಾಕಿ ಬಲಗಡೆ ಬರೆದರು. ಕೈ ನಡುಗುತ್ತಿತ್ತು.

ದುಃಖ ಅದರಿಂದ ಹೋಗಲಿಲ್ಲ. ಆದರೆ ಅಪರಾಧಿ ಭಾವಕ್ಕೂ ದುಃಖಕ್ಕೂ ವ್ಯತ್ಯಾಸ ಇದೆ ಅಂತ ಅವರಿಗೆ ಮೊದಲ ಸಲ ಕಂಡಿತು. ದುಃಖವಾದರೆ ನಾಲ್ಕು ಜನರ ಜೊತೆ ಹಂಚಿಕೊಳ್ಳಬಹುದು ಅಲ್ವಾ.

ಕೆಲವು ಸಲಹೆ ಮೊದಲ ದಿನವೇ ಕೊಟ್ಟಿದ್ದೆ. ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಭಯ ಬೇಡ, ಕೇಳುವುದೇ ಸುರಕ್ಷಿತ. "ಕೆಲವೊಮ್ಮೆ" ಅಂದರು. ಮನೆಯಲ್ಲಿ ಬೆಳೆ ರಕ್ಷಣೆಯ ಕೋವಿ ಇತ್ತು. ಚುನಾವಣೆ ಬಂದಾಗ ಠಾಣೆಯಲ್ಲಿ ಇಡುವುದಿಲ್ವಾ, ಹಾಗೇ ಈಗಲೂ ಇಟ್ಟು ಬನ್ನಿ ಅಂದೆ. ಒಪ್ಪಿದರು. ಮನೋವೈದ್ಯರ ಹತ್ತಿರ ಕಳಿಸಿದೆ. ಇದು ಆಘಾತದ ನಂತರದ ಒತ್ತಡದ ಕಾಯಿಲೆ, ಪಿಟಿಎಸ್‌ಡಿ ಅಂತ ಅವರು ಗುರುತಿಸಿ ಮಾತ್ರೆ ಶುರು ಮಾಡಿದರು. ಪರಿಣಾಮ ಕಾಣಲು ಕೆಲವು ವಾರ ಬೇಕು, ನಡುವೆ ನಿಲ್ಲಿಸಬೇಡಿ ಅಂತ ಹೇಳಿದೆ. ಕುಡಿದರೆ ನಿದ್ದೆ ಬೇಗ ಬರುತ್ತದೆ, ಆದರೆ ನಡುರಾತ್ರಿ ಒಡೆಯುತ್ತದೆ. ಆದರೂ ದಿನಾ ಕುಡಿಯುವವರು ಒಮ್ಮೆಲೇ ಬಿಡಬಾರದು, ವೈದ್ಯರನ್ನು ಕೇಳಿ ಕಡಿಮೆ ಮಾಡಬೇಕು. ರಾತ್ರಿ ತೀರಾ ಕಷ್ಟ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಹೆಂಡತಿಗೆ ಹೇಳಿದ್ದು ಇಷ್ಟು: ನಿದ್ದೆಯಲ್ಲಿ ಕೂಗಿದರೆ ಮೈ ಮುಟ್ಟಿ ಎಬ್ಬಿಸಬೇಡಿ, ಮಂಚದ ಕಾಲಿನ ಕಡೆ ನಿಂತು ಹೆಸರು ಹಿಡಿದು ಕರೆಯಿರಿ. ಅವರು ನಕ್ಕರು. "ನಾವು ಗಂಡನ ಹೆಸರು ಹೇಳುದಿಲ್ಲ ಮಾರಾಯ್ರೆ." ಈಗ ಹೇಳುತ್ತಾರೆ.

ನನಗೆ ಬೇಸರ ಇರುವುದು ನಮ್ಮ ಮೇಲೆಯೇ. ಕದ್ರಿಯ ಯುದ್ಧ ಸ್ಮಾರಕದಲ್ಲಿ ಹೂವಿಡುತ್ತೇವೆ, ಶಾಲೆ, ಕ್ಲಬ್ಬುಗಳಿಗೆ ಕರೆದು ಶಾಲು ಹೊದಿಸುತ್ತೇವೆ. ಗೆದ್ದ ಕಥೆ ಹೇಳಿ ಅನ್ನುತ್ತೇವೆ. ಉಳಿದ ಕಥೆಗೆ ಜಾಗ ಇಡುವುದಿಲ್ಲ. ಇಷ್ಟು ವರ್ಷದಲ್ಲಿ ಅದನ್ನು ಕೇಳಿದ್ದು ಒಬ್ಬ ಹುಡುಗಿ ಮಾತ್ರ.

ಫೆಬ್ರವರಿಯಲ್ಲಿ ಏಳನೇ ಪತ್ರ ಬರೆದರು. ನನ್ನ ಕೋಣೆಯಲ್ಲೇ, ಮೂರು ಭೇಟಿಗಳಲ್ಲಿ. ಆ ಹುಡುಗನ ತಂದೆ ತೀರಿಹೋಗಿ ವರ್ಷಗಳಾಗಿದ್ದವು. ಹುಡುಗನ ತಮ್ಮ ಫೋನ್ ಮಾಡಿ ತಾಯಿಗೆ ಕೊಟ್ಟರು. ಅವರಿಗೆ ಕಿವಿ ಸರಿ ಕೇಳಿಸದು. ನಾಲಾ, ಮೆಷಿನ್ ಗನ್, ಯಾರ ನಿರ್ಧಾರ, ಯಾವುದನ್ನೂ ಅವರು ಕೇಳಲಿಲ್ಲ. "ಆ ರಾತ್ರಿ ಅವನು ಊಟ ಮಾಡಿದ್ದನಾ?" ಅಂತ ಕೇಳಿದರು. ಮಾಡಿದ್ದ ಅಮ್ಮ, ಉಪ್ಪಿನಕಾಯಿ ಜೊತೆ ಎರಡು ಪೂರಿ, ನನ್ನ ಪಾಲಿನದೂ ಒಂದು ಅಂತ ಇವರು ಜೋರಾಗಿ ಹೇಳಬೇಕಾಯಿತು.

ಈ ಜುಲೈ 26ಕ್ಕೆ ಯಾವ ಕಾರ್ಯಕ್ರಮಕ್ಕೂ ಒಪ್ಪಲಿಲ್ಲ. ನಿದ್ದೆ ಇನ್ನೂ ಪೂರ್ತಿ ಸರಿ ಆಗಿಲ್ಲ, ಜೋರು ಮಳೆಯ ರಾತ್ರಿ ಗೇಟಿನ ತನಕ ಹೋಗಿ ಬರುತ್ತಾರೆ. ತುಳುವರ ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವ ಕ್ರಮ ಅವರ ಮನೆಯಲ್ಲಿ ಇದೆ. ಈ ಸಲ ಹಿರಿಯರ ಎಲೆಯ ಪಕ್ಕದಲ್ಲಿ ಹೆಂಡತಿ ಇನ್ನೂ ಏಳು ಎಲೆ ಹಾಕಿದರು. ಆರಕ್ಕೆ ರೊಟ್ಟಿ, ಕೋಳಿ ಸಾರು. ಕೊನೆಯದಕ್ಕೆ ಪೂರಿ, ಉಪ್ಪಿನಕಾಯಿ.