ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ: ಸವೆತದ ಭಯ ಎಷ್ಟು ನಿಜ?

ಪ್ರಶ್ನೆ: ನಮ್ಮ ಸಂಸ್ಥೆಯ ಲೆಕ್ಕಪತ್ರ ಮತ್ತು ದಾಸ್ತಾನಿನ ಡೇಟಾಬೇಸ್ ಇರುವ ಸರ್ವರ್, ಸಿಬ್ಬಂದಿಯ ಕಂಪ್ಯೂಟರ್‌ಗಳು ಎಲ್ಲವೂ ಹಾರ್ಡ್ ಡಿಸ್ಕ್ ಮೇಲೆಯೇ ನಡೆಯುತ್ತಿವೆ. ಎಸ್‌ಎಸ್‌ಡಿಗೆ, ಅಂದರೆ ತಿರುಗುವ ತಟ್ಟೆಯಿಲ್ಲದೆ ಫ್ಲ್ಯಾಶ್ ಮೆಮೊರಿ ಚಿಪ್‌ಗಳಲ್ಲಿ ದತ್ತಾಂಶ ಇಡುವ ಡ್ರೈವ್‌ಗೆ, ಬದಲಾಗುವಂತೆ ಸಲಹೆ ಬಂದಿದೆ. ಆದರೆ ಬರೆದಷ್ಟೂ ಅದು ಸವೆಯುತ್ತದೆಯಂತೆ. ವ್ಯವಹಾರದ ದತ್ತಾಂಶವನ್ನು ನಂಬಿ ಅದರಲ್ಲಿಡಬಹುದೇ?

ಉತ್ತರ: ಇಡಬಹುದು, ಆದರೆ ಡ್ರೈವ್ ಆರಿಸುವಾಗ ವೇಗಕ್ಕಿಂತ ಬಾಳಿಕೆಯನ್ನೂ ವಿದ್ಯುತ್ ಹೋದಾಗಿನ ರಕ್ಷಣೆಯನ್ನೂ ಮೊದಲು ನೋಡಬೇಕು.

ಬದಲಾವಣೆಯನ್ನು ಸರ್ವರ್‌ನಿಂದಲೇ ಆರಂಭಿಸಿ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್‌ನ ತಟ್ಟೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ದಾಖಲೆ ಅದನ್ನು ಓದುವ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಹೆಡ್ ಸರಿಯಾದ ಪಥಕ್ಕೆ ಸರಿಯುವ ಹೊತ್ತು ಬೇರೆ. ಹೀಗಾಗಿ ಅಲ್ಲಲ್ಲಿ ಚದುರಿದ ಸಣ್ಣ ದಾಖಲೆಗಳನ್ನು ಅದು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಓದಬಲ್ಲದು. ಸಾಮಾನ್ಯ ಸಾಟಾ (ಹಾರ್ಡ್ ಡಿಸ್ಕ್‌ಗಳೂ ಬಳಸುವ ಸಂಪರ್ಕದ ಬಗೆ) ಎಸ್‌ಎಸ್‌ಡಿ ಕೂಡ ಈ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಮಾಡುತ್ತದೆ. ಡೇಟಾಬೇಸ್‌ನ ಕೆಲಸ ಬಹುಪಾಲು ಇಂಥದ್ದೇ ಆದ್ದರಿಂದ ಹಣ ಹಾಕಿದ್ದಕ್ಕೆ ಫಲ ಮೊದಲು ಕಾಣುವುದು ಅಲ್ಲಿ.

ಸವೆತ ನಿಜ. ಫ್ಲ್ಯಾಶ್ ಮೆಮೊರಿಯಲ್ಲಿ ಬರೆದಿರುವುದರ ಮೇಲೆಯೇ ಮತ್ತೆ ಬರೆಯಲಾಗದು. ದತ್ತಾಂಶ ಹಿಡಿದಿಡುವ ಕೋಶಗಳ ಇಡೀ ಗುಂಪನ್ನು, ಅಂದರೆ ಬ್ಲಾಕನ್ನು, ಅಳಿಸಿದ ನಂತರವೇ ಅದು ಮರುಬಳಕೆಗೆ ಸಿಗುತ್ತದೆ, ಪ್ರತಿ ಅಳಿಸುವಿಕೆಗೂ ಕೋಶಗಳು ಸ್ವಲ್ಪ ಕ್ಷೀಣಿಸುತ್ತವೆ. ಆದರೆ ಅಂದಾಜಿಗಿಂತ ಲೆಕ್ಕ ಮೇಲು. ದಿನಕ್ಕೊಮ್ಮೆ ಪೂರ್ತಿ ಬರೆದರೂ 5 ವರ್ಷ ತಾಳುವುದೆಂದು ತಯಾರಕರು ಖಾತರಿ ಕೊಟ್ಟ 960 ಜಿಬಿ ಡ್ರೈವ್‌ನ ಒಟ್ಟು ಬರವಣಿಗೆಯ ಮಿತಿ ಸುಮಾರು 1750 ಟಿಬಿ. ನಿಮ್ಮ ಸರ್ವರ್ ದಿನಕ್ಕೆ 60 ಜಿಬಿ ಬರೆಯುತ್ತದೆಂದುಕೊಂಡರೆ ಆ ಮಿತಿ ಮುಟ್ಟಲು ಸುಮಾರು 80 ವರ್ಷ ಬೇಕು. ಸವೆಯುವ ಮೊದಲೇ ಡ್ರೈವ್ ಹಳತಾಗಿರುತ್ತದೆ. ಈಗಿನ ಸರ್ವರ್ ವಾರವಿಡೀ ಎಷ್ಟು ಬರೆಯುತ್ತದೆಂದು ಅಳೆದ ಮೇಲೆಯೇ ಖರೀದಿಗೆ ಹೋಗಿ.

ನನಗೆ ಹೆಚ್ಚು ಕಳವಳವಿರುವುದು ವಿದ್ಯುತ್ ಹಠಾತ್ತನೆ ಹೋಗುವ ಕ್ಷಣದ ಬಗ್ಗೆ. ಒಂದು ವಹಿವಾಟು ದಾಖಲಾಯಿತೆಂದು ಹೇಳುವ ಮೊದಲು ಡೇಟಾಬೇಸ್ ಡ್ರೈವ್‌ನಿಂದ ಖಚಿತ ಉತ್ತರಕ್ಕಾಗಿ ಕಾಯುತ್ತದೆ. ಸರ್ವರ್‌ಗೆಂದೇ ಮಾಡಿದ ಎಸ್‌ಎಸ್‌ಡಿಗಳಲ್ಲಿ ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಕೆಪಾಸಿಟರ್‌ಗಳಿದ್ದು, ವಿದ್ಯುತ್ ಹೋದರೂ ತಾತ್ಕಾಲಿಕ ಮೆಮೊರಿಯಲ್ಲಿರುವುದನ್ನು ಫ್ಲ್ಯಾಶ್‌ಗೆ ಬರೆದು ಮುಗಿಸುವಷ್ಟು ಶಕ್ತಿ ಅವುಗಳಲ್ಲಿ ಉಳಿದಿರುತ್ತದೆ. ಮನೆಬಳಕೆಯ ಅಗ್ಗದ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಈ ಏರ್ಪಾಡು ಇರುವುದಿಲ್ಲ. ಲೆಕ್ಕಪತ್ರದ ಸರ್ವರ್‌ಗೆ ಅಂಥದ್ದನ್ನು ದಯವಿಟ್ಟು ಹಾಕಿಸಬೇಡಿ.

ಸಿಬ್ಬಂದಿಯ ಕಂಪ್ಯೂಟರ್‌ಗಳಿಗೆ ಸಾಧಾರಣ ಎಸ್‌ಎಸ್‌ಡಿ ಸಾಕು.

ಬ್ಯಾಕಪ್‌ಗೆ ಮಾತ್ರ ಹಾರ್ಡ್ ಡಿಸ್ಕ್ ಇರಲಿ. ಅಲ್ಲಿ ದೊಡ್ಡ ಕಡತಗಳನ್ನು ಸಾಲಾಗಿ ಬರೆಯುವುದರಿಂದ ಅದರ ನಿಧಾನ ಅಷ್ಟಾಗಿ ಬಾಧಿಸದು, ಪ್ರತಿ ಟಿಬಿಗೆ ತಗಲುವ ವೆಚ್ಚವೂ ಕಡಿಮೆ. ಇದಲ್ಲದೆ, ಸಾಕಷ್ಟು ಸವೆದ ಎಸ್‌ಎಸ್‌ಡಿಯನ್ನು ವಿದ್ಯುತ್ ಸಂಪರ್ಕವಿಲ್ಲದೆ ಬಹುಕಾಲ ಇಟ್ಟರೆ ಕೋಶಗಳಲ್ಲಿನ ವಿದ್ಯುದಂಶ ಸೋರಿ ದತ್ತಾಂಶ ಕೆಡಬಹುದು. ಎಸ್‌ಎಸ್‌ಡಿ ಕೆಡುವಾಗ ಹಾರ್ಡ್ ಡಿಸ್ಕ್‌ನಂತೆ ಸದ್ದು ಮಾಡಿ ಎಚ್ಚರಿಸುವುದಿಲ್ಲ, ಒಮ್ಮೆಲೇ ಕಾಣದಾಗುವುದೂ ಉಂಟು. ಆದ್ದರಿಂದ ಎರಡು ಡ್ರೈವ್‌ಗಳಲ್ಲಿ ಅದೇ ದತ್ತಾಂಶದ ಪ್ರತಿಬಿಂಬ ಇರಿಸಿದ್ದರೂ ಬ್ಯಾಕಪ್ ತಪ್ಪಿಸಬೇಡಿ.

ಮುಂದೊಂದು ದಿನ ಎಸ್‌ಎಸ್‌ಡಿಯನ್ನು ವಿಲೇವಾರಿ ಮಾಡುವಾಗ ಹಳೆಯ ಕಡತಗಳ ಮೇಲೆ ಬೇರೆ ದತ್ತಾಂಶ ಬರೆದರೆ ಸಾಲದು, ಏಕೆಂದರೆ ಡ್ರೈವ್ ಅದನ್ನು ಬೇರೆಡೆ ಬರೆದು ಹಳೆಯದನ್ನು ಹಾಗೆಯೇ ಉಳಿಸಿರಬಹುದು. ಮೊದಲ ದಿನದಿಂದಲೇ ಪೂರ್ತಿ ಡ್ರೈವ್ ಎನ್‌ಕ್ರಿಪ್ಟ್ ಮಾಡಿಡಿ, ಅಂದರೆ ಕೀಲಿ ಇಲ್ಲದವರು ಓದಲಾಗದಂತೆ ಸಂಕೇತಕ್ಕೆ ಬದಲಿಸಿಡಿ. ಕೊನೆಗೆ ತಯಾರಕರೇ ಕೊಡುವ ಸುರಕ್ಷಿತ ಅಳಿಸುವಿಕೆಯ ಆದೇಶವನ್ನು ಬಳಸಿ.