ಪ್ರತಿ: ಆರ್‌ಸಿಬಿ ಬಿಟ್ಟು ಹೈದರಾಬಾದ್ ಕಡೆ ಹೋಗಲಾ?

ರಾಯಚೂರಿನವನು, ಹೈದರಾಬಾದಿನಲ್ಲಿ ಕೆಲಸ ಸಿಕ್ಕಿದೆ, ಆಫೀಸಿನಲ್ಲಿ ಎಲ್ಲರೂ ಸನ್‌ರೈಸರ್ಸ್, ನಾನೂ ತಂಡ ಬದಲಿಸಲಾ ಎಂದು ಕೇಳಿದ್ದೀರಿ. ಬದಲಿಸಿ, ಯಾರೂ ಕೇಸ್ ಹಾಕುವುದಿಲ್ಲ. ಆದರೆ ಮನಸ್ಸಿದ್ದಿದ್ದರೆ ಕೇಳುತ್ತಲೇ ಇರಲಿಲ್ಲ, ಅಲ್ವಾ?

ನಮ್ಮ ಜಿಲ್ಲೆ 1956ರವರೆಗೂ ಹೈದರಾಬಾದ್ ರಾಜ್ಯದಲ್ಲೇ ಇತ್ತು, ಈಗಲೂ ಬೆಂಗಳೂರಿಗಿಂತ ಅದೇ ಹತ್ತಿರ, ಹಾಗಾಗಿ ಇಲ್ಲಿ ಒಂದೇ ಮನೆಯಲ್ಲಿ ಎರಡು ಪಾರ್ಟಿ ಇರುತ್ತದೆ. ನಮ್ಮ ಭಾವ ಆ ಕಡೆ. ನಮ್ಮ ಹೊಟ್ಟೆ ಉರಿಸಿದ್ದೂ ಹೈದರಾಬಾದ್ ತಂಡಗಳೇ ಜಾಸ್ತಿ. 2009ರ ಐಪಿಎಲ್ ಫೈನಲ್‌ನಲ್ಲಿ ಕುಂಬ್ಳೆ 16 ರನ್ನಿಗೆ 4 ವಿಕೆಟ್ ತೆಗೆದರೂ ಹೈದರಾಬಾದಿನ ಆಗಿನ ತಂಡ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ನಿನಿಂದ ಸೋತೆವು. 2016ರ ಫೈನಲ್‌ನಲ್ಲಿ ನಮ್ಮ ಚಿನ್ನಸ್ವಾಮಿಯಲ್ಲೇ, ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್‌ಗೆ 114 ಹೊಡೆದ ಮೇಲೂ, ಸನ್‌ರೈಸರ್ಸ್ ಎದುರು 8 ರನ್ನಿನ ಸೋಲು. ಆ ರಾತ್ರಿ ಭಾವ ಕಿಚಾಯಿಸಲಿಲ್ಲ. ಸುಮ್ನೆ ಮಂಡಕ್ಕಿ ಒಗ್ಗರಣೆ ಪ್ಲೇಟು ನನ್ನ ಕಡೆ ಸರಿಸಿ "ಮಿರ್ಚಿ ತಗೋ, ಆರ್ತದ" ಅಂದರು. ಬೈದಿದ್ದರೇ ಚೆನ್ನಾಗಿತ್ತು!

2025ರ ಜೂನ್ 3ರಂದು ಪಂಜಾಬನ್ನು ಸೋಲಿಸಿ ಕಪ್ ಗೆದ್ದಾಗ ಮೊದಲ ಫೋನ್ ಬಂದಿದ್ದೂ ಅವರದೇ.

ಆಫೀಸಿನಲ್ಲಿ ನಿಮ್ಮ ತಂಡ ಯಾವುದೆಂದು ಮೊದಲ ದಿನವೇ ಹೇಳಿಬಿಡಿ. ಎದುರು ಪಾರ್ಟಿಯವರಿಲ್ಲದೆ ಮ್ಯಾಚ್ ನೋಡುವುದು ಸಪ್ಪೆ. ಉಪ್ಪಲ್ ಸ್ಟೇಡಿಯಂನಲ್ಲಿ ನಮ್ಮ ಮ್ಯಾಚ್ ಬಿದ್ದರೆ ಟಿಕೆಟ್ ಬೇಗ ತೆಗೆಸಿ, ಅಲ್ಲೂ ಕೆಂಪು ಜೆರ್ಸಿಗೆ ಬರವಿಲ್ಲ.