ಎರವಲು ಸರ, ಕತ್ತರಿಸಿದ ಕೂದಲು

ಹೋದ ತಿಂಗಳು ಈ ಅಂಕಣದಲ್ಲಿ ಎರಡು ಹಳೇ ಕಥೆಗಳ ಮಾತು ಬಂದಿತ್ತು. ಒಂದು ಫ್ರಾನ್ಸಿನ ಮೊಪಾಸಾ 1884ರಲ್ಲಿ ಬರೆದ 'ನೆಕ್ಲೇಸ್'. ಪ್ಯಾರಿಸ್‌ನ ಗುಮಾಸ್ತನೊಬ್ಬನ ಹೆಂಡತಿ ಮತಿಲ್ಡ್, ಮಂತ್ರಿಗಳು ಕರೆದ ಪಾರ್ಟಿಗೆಂದು ಗೆಳತಿಯ ವಜ್ರದ ನೆಕ್ಲೇಸ್ ಎರವಲು ತಂದು ಕಳೆದುಬಿಡುತ್ತಾಳೆ. ಗೆಳತಿಗೆ ಹೇಳದೆ ಅಂಥದ್ದೇ ಇನ್ನೊಂದು ಕೊಂಡು ಕೊಟ್ಟು, ಗಂಡ ಹೆಂಡತಿ ಹತ್ತು ವರ್ಷ ಸಾಲ ತೀರಿಸುತ್ತಾರೆ. ಕೊನೆಗೆ ನೋಡಿದರೆ ಗೆಳತಿಯದು ನಕಲಿ. ಇನ್ನೊಂದು ಅಮೆರಿಕದ ಓ ಹೆನ್ರಿ 1905ರಲ್ಲಿ ಬರೆದ 'ಗಿಫ್ಟ್ ಆಫ್ ದ ಮ್ಯಾಜೈ'. ಕ್ರಿಸ್‌ಮಸ್‌ಗೆ ಗಂಡನ ಗಡಿಯಾರಕ್ಕೆ ಚೈನು ತರಲು ಡೆಲ್ಲಾ ತನ್ನ ಕೂದಲು ಮಾರುತ್ತಾಳೆ. ಅವಳ ಕೂದಲಿಗೆ ಬಾಚಣಿಗೆ ತರಲು ಜಿಮ್ ಗಡಿಯಾರ ಮಾರುತ್ತಾನೆ. ಇವೆರಡರ ಬಗ್ಗೆ ಬಂದ ಪತ್ರಗಳೇ ಈ ಸಲ ಜಾಸ್ತಿ.

ಮಗಳ ಗೈಡ್‌ನಲ್ಲಿ 'ನೆಕ್ಲೇಸ್' ಕಥೆಯ ನೀತಿ 'ಹಾಸಿಗೆ ಇದ್ದಷ್ಟು ಕಾಲು ಚಾಚು' ಅಂತ ಇದೆ. ನನಗೆ ಯಾಕೋ ಮತಿಲ್ಡ್ ಮೇಲೆ ಕನಿಕರ ಬರುತ್ತದೆ. ಅವಳು ಅಷ್ಟು ಕೆಟ್ಟವಳಾ ಮೇಡಂ?
— ಓದುಗಿ, ಹೊಸಪೇಟೆ

ಗೈಡ್ ಬರೆದವರನ್ನು ಬಯ್ಯಲು ನನಗೆ ಬಾಯಿಲ್ಲ. ಹನ್ನೆರಡು ವರ್ಷ ನಾನೂ ಬೋರ್ಡ್ ಮೇಲೆ 'ಅತಿಯಾಸೆ ಗತಿಗೇಡು' ಅಂತ ಬರೆದೇ ಈ ಪಾಠ ಮುಗಿಸುತ್ತಿದ್ದೆ. ಒಂದು ವರ್ಷ ಕೊನೆ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಗಂಡನ ಹೆಸರೇನು?" ಅಂದಳು. "ಲ್ವಾಜೆಲ್" ಅಂದೆ. "ಅದು ಮನೆತನದ ಹೆಸರಲ್ವಾ?" ಅಂದಳು. ಅಲ್ಲೇ ಪುಟ ತಿರುಗಿಸಿದೆ. ಇಲ್ಲ! ಹೆಂಡತಿ ಮತಿಲ್ಡ್, ಗೆಳತಿ ಜಾನ್, ಮಂತ್ರಿಗೂ ಒಂದು ಹೆಸರಿದೆ. ಹತ್ತು ವರ್ಷ ದುಡಿದ ಗಂಡನಿಗೆ ಇಲ್ಲ.

ಅವತ್ತು ಮನೆಗೆ ಬಂದು ಗಂಡನನ್ನೇ ಹುಡುಕಿಕೊಂಡು ಕಥೆ ಓದಿದೆ. ಪಾರ್ಟಿಗೆ ಬಟ್ಟೆ ಬೇಕು, 400 ಫ್ರಾಂಕ್ ಆಗಬಹುದು ಅಂತಾಳೆ ಮತಿಲ್ಡ್. ಅವನ ಮುಖ ಸ್ವಲ್ಪ ಬಿಳಿಚಿಕೊಳ್ಳುತ್ತದೆ. ಸರಿಯಾಗಿ ಅಷ್ಟೇ ದುಡ್ಡು ಅವನು ಕೋವಿ ಕೊಳ್ಳಲು ಕೂಡಿಟ್ಟಿದ್ದ. ಬೇಸಿಗೆಯ ಭಾನುವಾರಗಳಲ್ಲಿ ಸ್ನೇಹಿತರ ಜೊತೆ ನಾಂತೇರ್ ಬಯಲಿಗೆ ಹೋಗಿ ಬಾನಾಡಿ ಹೊಡೆಯುವ ಆಸೆ. ಮರು ಮಾತಿಲ್ಲದೆ ಕೊಟ್ಟುಬಿಡುತ್ತಾನೆ. ಆಸೆ ಇದ್ದದ್ದು ಅವಳೊಬ್ಬಳಿಗೇ ಅಲ್ಲ ನೋಡಿ.

ಇನ್ನೊಂದು ಜಾಗ. ನೆಕ್ಲೇಸ್ ಕಳೆದಿದೆ. ಅವನು ರಾತ್ರಿ ಬಂದ ದಾರಿಯನ್ನೆಲ್ಲಾ ನಡೆದೇ ಹುಡುಕಿ, ಪೊಲೀಸರ ಹತ್ತಿರ ಹೋಗಿ, ಪೇಪರಿಗೆ ಕೊಟ್ಟು, ಗಾಡಿಗಳ ಕಂಪನಿಗಳನ್ನೂ ಕೇಳಿ ಬಂದಿದ್ದಾನೆ. ಆಮೇಲೆ ಹೆಂಡತಿಗೆ ಹೇಳುತ್ತಾನೆ: ಕೊಂಡಿ ಮುರಿದಿದೆ, ರಿಪೇರಿಗೆ ಕೊಟ್ಟಿದ್ದೀನಿ ಅಂತ ಗೆಳತಿಗೆ ಕಾಗದ ಬರಿ. ಅವನು ಹೇಳಿದ, ಅವಳು ಬರೆದಳು. ಮತಿಲ್ಡ್‌ಳ ಆಸೆಗೆ ಹೋದದ್ದು 400 ಫ್ರಾಂಕ್. ಈ ಕಾಗದಕ್ಕೆ ಹೋದದ್ದು 36,000. ಅದರಲ್ಲಿ 18,000 ಅವನ ಅಪ್ಪ ಬಿಟ್ಟು ಹೋದದ್ದು, ಮಿಕ್ಕಿದ್ದು ಕಂಡಕಂಡವರ ಹತ್ತಿರ ಎತ್ತಿದ ಸಾಲ. ಸುಳ್ಳು ಹೇಳಿಸಿದ್ದು ಆಸೆಬುರುಕಿ ಅಲ್ಲ, ಇದ್ದದ್ದರಲ್ಲೇ ತೃಪ್ತಿಯಾಗಿದ್ದ ಒಳ್ಳೇ ಗುಮಾಸ್ತ! ಕಳೆದುಹೋಯಿತು ಅಂತ ಒಂದು ಸಾಲು ಬರೆದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಮರ್ಯಾದೆ ಅಡ್ಡ ಬಂತು. ನಾಲ್ಕು ಜನ ಏನಂದುಕೊಳ್ಳುತ್ತಾರೋ ಅನ್ನುವ ಭಯ ಪ್ಯಾರಿಸ್‌ನಲ್ಲೂ ಇತ್ತು.

ನಿಮ್ಮ ಕನಿಕರ ಸರಿಯಾಗಿದೆ. ಅದರಲ್ಲಿ ಸ್ವಲ್ಪ ಆ ಹೆಸರಿಲ್ಲದವನಿಗೂ ಇಡಿ. ಹಗಲೆಲ್ಲಾ ಆಫೀಸು ಮಾಡಿ, ರಾತ್ರಿ ಪುಟಕ್ಕೆ ಐದು ಸೂ, ಅಂದರೆ ಕಾಲು ಫ್ರಾಂಕ್ ಹಾಗೆ ನಕಲು ಬರೆದು ಸಾಲ ತೀರಿಸಿದವನು ಅವನು. ಪರೀಕ್ಷೆಯಲ್ಲಿ ಮಾತ್ರ ಮಗಳು ಗೈಡ್‌ನಲ್ಲಿರುವುದನ್ನೇ ಬರೆಯಲಿ, ಸುಮ್ನೆ ಮಾರ್ಕ್ಸ್ ಕಳಕೊಳ್ಳುವುದು ಬೇಡ.

ಕೊನೇ ಸಾಲಿನಲ್ಲಿ 'ಅದು ನಕಲಿ' ಅನ್ನುವುದು ಓದುಗರಿಗೆ ಮಾಡಿದ ಮೋಸ ಅಲ್ಲವೇ?
— ಓದುಗರು, ಮೈಸೂರು

ಅಲ್ಲ ಸ್ವಾಮಿ, ಮೊಪಾಸಾ ಮೊದಲೇ ಹೇಳಿದ್ದಾನೆ. ಡಬ್ಬಿಯ ಒಳಗೆ ಒಡವೆ ಅಂಗಡಿಯ ಹೆಸರಿರುತ್ತದೆ. ಗಂಡ ಹೆಂಡತಿ ಅಲ್ಲಿಗೆ ಹೋಗುತ್ತಾರೆ. ಅಂಗಡಿಯವನು ಲೆಕ್ಕದ ಪುಸ್ತಕ ನೋಡಿ, "ನೆಕ್ಲೇಸ್ ನಾನು ಮಾರಿದ್ದಲ್ಲ, ಡಬ್ಬಿ ಮಾತ್ರ ಕೊಟ್ಟಿರಬೇಕು" ಅಂತಾನೆ. ವಜ್ರ ಒಂದು ಕಡೆ, ಡಬ್ಬಿ ಇನ್ನೊಂದು ಕಡೆ ಕೊಳ್ಳುವವರು ಯಾರು? ಅಲ್ಲೇ ಅನುಮಾನ ಬರಬೇಕಿತ್ತು. ಅವರಿಗೂ ಬರಲಿಲ್ಲ, ನಮಗೂ ಬರಲಿಲ್ಲ.

ನನಗೆ ಜಾಸ್ತಿ ಕಾಡುವುದು ಬೇರೆ ಜಾಗ. ಹೊಸ ನೆಕ್ಲೇಸ್ ವಾಪಸ್ ಕೊಟ್ಟಾಗ ಗೆಳತಿ, ಬೇಗ ತರಬಾರದಿತ್ತಾ ಅಂತ ಸಿಡುಕುತ್ತಾಳೆ. ಡಬ್ಬಿ ತೆರೆಯುವುದಿಲ್ಲ. ತೆರೆದರೆ ಕಳ್ಳಿ ಅಂದುಕೊಂಡಾಳು ಅಂತ ಮತಿಲ್ಡ್ ಹೆದರಿ ನಿಂತಿದ್ದಳು, ತೆರೆಯದ್ದಕ್ಕೆ ಉಸಿರು ಬಿಟ್ಟಳು.

1986ರಲ್ಲಿ ನಾನು ತಿಪಟೂರಿನ ಒಂದು ಮದುವೆಗೆ ಪಕ್ಕದ ಮನೆಯವರ ಗುಂಡಿನ ಸರ ಎರವಲು ಹಾಕಿಕೊಂಡು ಹೋಗಿದ್ದೆ. ಬಸ್ಸಿನಲ್ಲಿ ಸೆರಗನ್ನು ಕುತ್ತಿಗೆಗೆ ಸುತ್ತಿ ಹಿಡಿದಿದ್ದೆ. ರಾತ್ರಿ ಛತ್ರದಲ್ಲಿ ಅದನ್ನು ಕುಪ್ಪಸದೊಳಗೆ ಇಟ್ಟುಕೊಂಡು ಮಲಗಿದೆ, ನಿದ್ದೆ ಎಲ್ಲಿ ಬರಬೇಕು? ಊಟದಲ್ಲಿ ಏನೇನಿತ್ತು ಅಂತ ಇವತ್ತಿಗೂ ನೆನಪಿಲ್ಲ. ವಾಪಸ್ ಕೊಟ್ಟಾಗ ಆ ಯಮ್ಮ ನನ್ನೆದುರೇ ಬಾಗಿಲಲ್ಲಿ ಕೂತು, ಬೆರಳಲ್ಲಿ ಒಂದೊಂದೇ ಸರಿಸುತ್ತಾ ಗುಂಡು ಎಣಿಸಿದರು. ನನಗೆ ಅವಮಾನದಿಂದ ಕಿವಿ ಬಿಸಿಯಾಯಿತು. ಎಷ್ಟೋ ವರ್ಷ ಅವರ ಮನೆಯ ಕಾಫಿ ಕುಡಿಯಲಿಲ್ಲ. ಈಗ ಅನ್ನಿಸುತ್ತದೆ, ಮತಿಲ್ಡ್‌ಗೆ ನಮ್ಮ ಪಕ್ಕದ ಮನೆಯವರಂಥ ಗೆಳತಿ ಇರಬೇಕಿತ್ತು. ಡಬ್ಬಿ ತೆರೆದು, "ಏನೇ ಇದು, ನನ್ನದು ಇಷ್ಟು ಹೊಳೆಯುತ್ತಿರಲಿಲ್ವಲ್ಲ" ಅಂದಿದ್ದರೆ ಅವತ್ತೇ ಎಲ್ಲಾ ಹೊರಬೀಳುತ್ತಿತ್ತು.

ಡೆಲ್ಲಾ ಹತ್ತಿರ 1 ಡಾಲರ್ 87 ಸೆಂಟ್ ಇತ್ತು, ಅದರಲ್ಲಿ 60 ಸೆಂಟ್ ಪೆನ್ನಿಗಳು, ಅಂದರೆ ಒಂದು ಸೆಂಟಿನ ನಾಣ್ಯಗಳು, ಅಂತ ಬರುತ್ತದೆ. ಉಳಿದ 1.27 ಪೆನ್ನಿ ಇಲ್ಲದೆ ಹೇಗೆ ಬರುತ್ತದೆ? ಕ್ಯಾಷ್ ತಾಳೆಯಾಗುತ್ತಿಲ್ಲ.
— ನಿವೃತ್ತ ಬ್ಯಾಂಕ್ ಕ್ಯಾಷಿಯರ್, ಉಡುಪಿ

ನಿವೃತ್ತರಾದರೂ ಕೈ ಬಿಟ್ಟಿಲ್ಲ ನೀವು! ಮಿಕ್ಕ ನಾಣ್ಯಗಳು ಐದು, ಹತ್ತು, ಇಪ್ಪತ್ತೈದು ಸೆಂಟ್ ಹೀಗೆ, ಅವುಗಳಲ್ಲಿ 27 ಕೂಡುವುದಿಲ್ಲ, ನಿಜ. ಆದರೆ ಅಮೆರಿಕದಲ್ಲಿ ಹಿಂದೆ ಎರಡು ಸೆಂಟ್, ಮೂರು ಸೆಂಟ್ ನಾಣ್ಯಗಳೂ ಇದ್ದವು. 1889ರ ಹೊತ್ತಿಗೆ ಅವನ್ನು ಹೊಡೆಯುವುದು ನಿಂತಿತ್ತು. ಡೆಲ್ಲಾಳ ಪರ್ಸಿನಲ್ಲಿ ಅಂಥ ಹಳೇದು ಉಳಿದಿದ್ದರೆ ತಾಳೆಯಾಗುತ್ತದೆ. ಓ ಹೆನ್ರಿ ಅಷ್ಟು ಯೋಚಿಸಿ ಬರೆದ ಅಂತ ನನಗನ್ನಿಸುವುದಿಲ್ಲ.

ಬೇರೆ ಲೆಕ್ಕ ಸರಿ ಇದೆ. ಕೂದಲಿಗೆ 20 ಡಾಲರ್, ಚೈನಿಗೆ 21, ಉಳಿದ 87 ಸೆಂಟ್ ಹಿಡಿದು ಮನೆಗೆ ಓಡುತ್ತಾಳೆ. ಒಂದು ಗಮನಿಸಿದಿರಾ? ಜಿಮ್‌ನ ಸಂಬಳ ವಾರಕ್ಕೆ 30 ಇದ್ದದ್ದು 20ಕ್ಕೆ ಇಳಿದಿತ್ತು, ಮನೆ ಬಾಡಿಗೆಗೇ 8 ಹೋಗುತ್ತಿತ್ತು. ಅಂದರೆ ಅವಳ ಕೂದಲ ಬೆಲೆ ಗಂಡನ ಒಂದು ವಾರದ ದುಡಿಮೆ. ಇಬ್ಬರ ತ್ಯಾಗವನ್ನೂ ಒಂದೇ ತಕ್ಕಡಿಯಲ್ಲಿ ಇಡುವವರ ಜೊತೆ ಮಾತ್ರ ನನಗೆ ತಕರಾರಿದೆ. "ನನ್ನ ಕೂದಲು ಬೇಗ ಬೆಳೆಯುತ್ತೆ" ಅಂತ ಡೆಲ್ಲಾನೇ ಹೇಳುತ್ತಾಳೆ. ತಾತನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದ ಗಡಿಯಾರ ಬೆಳೆಯುತ್ತದಾ?

ನಮ್ಮವರಿಗೆ ಮುದ್ದೆ, ಸಾರು ಇದ್ದರೆ ಸಾಕು, ಜಗತ್ತಿನಲ್ಲಿ ಇನ್ನೇನೂ ಬೇಡ. ನನಗೆ ಒಂದು ಒಳ್ಳೇ ರೇಷ್ಮೆ ಸೀರೆ ಉಡಬೇಕು, ಒಂದು ಸಲ ಕಾಶ್ಮೀರ ನೋಡಬೇಕು. ಕಥೆ ಓದಿದ ಮೇಲೆ ಭಯ. ನಾನೂ ಮತಿಲ್ಡ್ ಥರವಾ?
— ಗೃಹಿಣಿ, ಚಿತ್ರದುರ್ಗ

ಕಾಶ್ಮೀರ ನೋಡಬೇಕು ಅಂದವರೆಲ್ಲಾ ಮತಿಲ್ಡ್ ಆದರೆ ನಮ್ಮ ಬೀದಿ ತುಂಬಾ ಮತಿಲ್ಡ್‌ಗಳೇ ಇದ್ದಾರೆ, ನನ್ನನ್ನೂ ಸೇರಿಸಿ. ಕಥೆಯಲ್ಲಿ ನಿಮ್ಮವರೂ ಇದ್ದಾರೆ. ಮೂರು ದಿನದಿಂದ ಬದಲಾಯಿಸದ ಮೇಜುಬಟ್ಟೆ. ಗಂಡ ಪಾತ್ರೆಯ ಮುಚ್ಚಳ ತೆಗೆದು, "ಆಹಾ, ಮಾಂಸದ ಸಾರು! ಇದಕ್ಕಿಂತ ಒಳ್ಳೇದು ಇನ್ನೇನಿದೆ" ಅಂತಾನೆ. ಎದುರಿಗೆ ಕೂತ ಹೆಂಡತಿ ಬೆಳ್ಳಿ ತಟ್ಟೆಗಳ ಕನಸು ಕಾಣುತ್ತಿದ್ದಾಳೆ. ಅವನು ತನ್ನ ಕೋವಿಯ ವಿಷಯ ಹೇಳಿರುವುದಿಲ್ಲ.

ಒಂದು ಕೆಲಸ ಮಾಡಿ. ಒಂದು ಭಾನುವಾರ ನಿಮ್ಮವರಿಗೆ ಈ ಕಥೆ ಓದಿ ಹೇಳಿ. ಕೋವಿಯ ಜಾಗ ಬಂದಾಗ ಸ್ವಲ್ಪ ನಿಲ್ಲಿಸಿ, ಮುಖ ನೋಡಿ. ನಮ್ಮ ಮನೆಯಲ್ಲಿ ನಾನು ಹಾಗೆ ಮಾಡಿದ್ದು ನಿವೃತ್ತಿಯಾದ ಮೇಲೆ, ಊಟದ ಹೊತ್ತಿನಲ್ಲಿ. ನಮ್ಮ ಯಜಮಾನರು ಕೇಳುತ್ತಾ ಕೇಳುತ್ತಾ, "ನಾನೂ ಒಂದು ಕ್ಯಾಮೆರಾಗೆ ದುಡ್ಡು ಕೂಡಿಟ್ಟಿದ್ದೆ" ಅಂದರು. ಮೂವತ್ತೆಂಟು ವರ್ಷದಲ್ಲಿ ನಾನು ಕೇಳಿದ್ದು ಅದೇ ಮೊದಲು. ಆ ದುಡ್ಡು ಏನಾಯ್ತು ಅಂದೆ.

"ನಿನ್ನ ಎಂ.ಎ. ಫೀಸು ಕಟ್ಟಲಿಲ್ವಾ" ಅಂದರು, ಇನ್ನೊಂದು ಸೌಟು ಸಾರು ಬಡಿಸಿಕೊಳ್ಳುತ್ತಾ.